ತಲೆಚರ್ಮದ ಧಮನಿಗಳ ಹುಸಿಯುಬ್ಬು: ಬೀದರ ಸೀಮೆಯ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ

1. ಪ್ರಸ್ತಾವನೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಸರ ವಂಶಾವಳಿ, ಯುದ್ಧ, ಸಂಧಿ, ಕೋಟೆಕೊತ್ತಲಗಳ ಕಡೆಗೆ ಹರಿಯುವುದು ಸಹಜ. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರದಂಥ ನಗರದ ಸಮೀಪದಲ್ಲಿ ಪಾಠ ಹೇಳುವವರಿಗಂತೂ ಈ ಆಕರ್ಷಣೆಯಿಂದ ಪಾರಾಗುವುದು ಕಷ್ಟ. ಆದರೆ ಮನುಷ್ಯನ ದೇಹಕ್ಕೂ, ಅದಕ್ಕೆ ತಗಲುವ ಗಾಯಕ್ಕೂ, ಆ ಗಾಯವನ್ನು ಆಯಾ ಕಾಲದ ಜನರು ಅರ್ಥಮಾಡಿಕೊಂಡ ರೀತಿಗೂ ಒಂದು ಚರಿತ್ರೆಯುಂಟು. ಅಂಥದೊಂದು ಸಣ್ಣ ವಿಷಯವನ್ನು ಈ ಪ್ರಬಂಧದಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ. ತಲೆಚರ್ಮದಲ್ಲಿ ಹರಿಯುವ ಧಮನಿಗಳಿಗೆ ಏಟು ಬಿದ್ದಾಗ ಏಳುವ, ನಾಡಿಯಂತೆ ಮಿಡಿಯುವ ಗಂಟೇ ಆ ವಿಷಯ. ಇಂದಿನ ವೈದ್ಯರು ಇದನ್ನು ಸ್ಯೂಡೋಅನ್ಯೂರಿಸಮ್ ಎನ್ನುತ್ತಾರೆ. ಇಲ್ಲಿ ಅದನ್ನು 'ಹುಸಿಯುಬ್ಬು' ಎಂದು ಕರೆಯಲಾಗಿದೆ.

ವಿಷಯದ ಆಯ್ಕೆಗೆ ಪ್ರೇರಣೆಯಾದ ಪ್ರಸಂಗವನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನವರು ತೊಗರಿಯ ಚೀಲಗಳನ್ನು ಇಳಿಸುತ್ತಿದ್ದಾಗ ಟ್ರಾಲಿಯ ಬಾಗಿಲು ಬಲಗಡೆಯ ಕಣತಲೆಗೆ ಬಡಿಯಿತು. ಚರ್ಮ ಹರಿಯಲಿಲ್ಲ. ಊದಿಕೊಂಡದ್ದು ನಾಲ್ಕು ದಿನಗಳಲ್ಲಿ ಇಳಿಯಿತು. ಮೂರು ವಾರಗಳ ಮೇಲೆ ಅದೇ ಸ್ಥಳದಲ್ಲಿ ನೆಲ್ಲಿಕಾಯಿಯ ಗಾತ್ರದ ಗಂಟು ಎದ್ದಿತು. ಕುರು ಹಣ್ಣಾಗಿದೆ, ಚುಚ್ಚಿ ಕೀವು ತೆಗೆದರೆ ಹೋಗುತ್ತದೆ ಎಂದು ನೆರೆಹೊರೆಯವರು ನಿಶ್ಚಯಿಸಿದರು. ಬ್ಲೇಡನ್ನು ಕಾಯಿಸಿ ಇಟ್ಟದ್ದೂ ಆಯಿತು. ಅರಿಸಿನದ ಲೇಪ ಹಚ್ಚಲು ಬೆರಳಿಟ್ಟ ಅತ್ತೆಯವರು, "ಇದು ನಾಡಿ ಬಡದಂಗ ಬಡೀಲತ್ತದ" ಎಂದು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆ ಒಂದು ಮಾತಿನಿಂದ ಬ್ಲೇಡು ಕೆಳಗಿಳಿಯಿತು. ಅವರನ್ನು ಬೀದರಕ್ಕೆ ಕರೆತಂದೆವು. ಪರೀಕ್ಷೆಯಲ್ಲಿ ಅದು ಧಮನಿಯ ಹುಸಿಯುಬ್ಬೆಂದು ತಿಳಿಯಿತು. ಸಣ್ಣ ಶಸ್ತ್ರಕ್ರಿಯೆಯಿಂದ ಗುಣವಾಯಿತು. ಈ ಗಂಟನ್ನು ಕುರುವೆಂದು ಬಗೆದು ಚುಚ್ಚುವ ತಪ್ಪು ಎಷ್ಟು ಹಳೆಯದು, ಅದನ್ನು ಗುರುತಿಸಿದ ಅರಿವು ಎಷ್ಟು ಹಳೆಯದು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ.

2. ವ್ಯಾಧಿಯ ಸ್ವರೂಪ

ಚರಿತ್ರೆಯನ್ನು ವಿಚಾರಿಸುವುದಕ್ಕೆ ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯುವುದು ಅವಶ್ಯ. ಧಮನಿಯ ಗೋಡೆಗೆ ಮೂರು ಪದರಗಳಿವೆ. ಗೋಡೆಯು ದುರ್ಬಲವಾಗಿ ಈ ಮೂರು ಪದರಗಳೂ ಒಟ್ಟಿಗೆ ಹಿಗ್ಗಿದರೆ ಅದು ನಿಜವಾದ ಧಮನಿಯುಬ್ಬು. ಏಟಿನಿಂದಲೋ ಇರಿತದಿಂದಲೋ ಗೋಡೆಯಲ್ಲಿ ರಂಧ್ರವಾಗಿ, ಹೊರಗೆ ನುಗ್ಗಿದ ರಕ್ತವು ಸುತ್ತಲಿನ ಮಾಂಸತಂತುಗಳ ನಡುವೆ ಸಂಚಿಯಂತೆ ನಿಂತು, ಧಮನಿಯೊಡನೆ ಸಂಪರ್ಕವನ್ನು ಉಳಿಸಿಕೊಂಡರೆ ಅದು ಹುಸಿಯುಬ್ಬು. ಹುಸಿಯುಬ್ಬಿನ ಸಂಚಿಗೆ ಧಮನಿಯ ಗೋಡೆಯೇ ಇರುವುದಿಲ್ಲ. ಹೆಪ್ಪುಗಟ್ಟಿದ ರಕ್ತವೂ ನಾರಿನಂಥ ಪೊರೆಯೂ ಮಾತ್ರ ಅದನ್ನು ಹಿಡಿದಿರುತ್ತವೆ. ಆದ್ದರಿಂದಲೇ ಅದು ಒಡೆಯುವ ಭಯ.

ತಲೆಚರ್ಮಕ್ಕೆ ಪ್ರತಿ ಪಕ್ಕದಲ್ಲಿಯೂ ಐದು ಧಮನಿಗಳು ರಕ್ತವನ್ನು ಒದಗಿಸುತ್ತವೆ. ಹಣೆಯಲ್ಲಿ ಎರಡು, ಕಿವಿಯ ಮುಂದೆ ಒಂದು, ಕಿವಿಯ ಹಿಂದೆ ಒಂದು, ಹಿಂದಲೆಯಲ್ಲಿ ಒಂದು. ಇವುಗಳಲ್ಲಿ ಕಿವಿಯ ಮುಂದೆ ಏರಿ ಕಣತಲೆಯಲ್ಲಿ ಕವಲೊಡೆಯುವ ಧಮನಿಯೇ ಹುಸಿಯುಬ್ಬಿಗೆ ಅತ್ಯಂತ ಹೆಚ್ಚಾಗಿ ಈಡಾಗುತ್ತದೆ. ಕಾರಣ ಸ್ಪಷ್ಟವಾಗಿದೆ. ಇದರ ಮುಂಗವಲು ಕಣತಲೆಯ ಮೇಲ್ಭಾಗದಲ್ಲಿ ಎಲುಬಿನ ಒಂದು ಏಣನ್ನು ದಾಟುತ್ತದೆ. ಅಲ್ಲಿ ಮಾಂಸಖಂಡದ ಮೆತ್ತೆಯಿಲ್ಲ. ಏಟು ಬಿದ್ದಾಗ ಧಮನಿಯು ಒಳ್ಳು ಒನಕೆಗಳ ನಡುವಿನ ಕಾಳಿನಂತೆ ಎಲುಬಿಗೂ ಏಟಿಗೂ ನಡುವೆ ಜಜ್ಜಿಹೋಗುತ್ತದೆ. ಜಜ್ಜಿದ ಗೋಡೆ ಕೂಡಲೆ ಒಡೆಯದೆ ಕೆಲವು ದಿನಗಳ ಮೇಲೆ ಸೋಲಬಹುದು. ಆದಕಾರಣ ಗಂಟು ಸಾಮಾನ್ಯವಾಗಿ ಏಟಿನ ದಿನವಲ್ಲ, ಎರಡರಿಂದ ಆರು ವಾರಗಳ ಅನಂತರ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಏಟು ಮರೆತುಹೋಗಿರುತ್ತದೆ. ತಪ್ಪು ನಿರ್ಣಯದ ಬೀಜ ಈ ಕಾಲವ್ಯವಧಾನದಲ್ಲಿಯೇ ಅಡಗಿದೆ.

3. ಪ್ರಾಚೀನರ ಅರಿವು

ಧಮನಿಯುಬ್ಬುಗಳಲ್ಲಿ ಎರಡು ಬಗೆಯೆಂದು ವಿಂಗಡಿಸಿದ ಕೀರ್ತಿ ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಶಸ್ತ್ರವೈದ್ಯನಾದ ಆಂಟಿಲಸನಿಗೆ ಸಲ್ಲುತ್ತದೆ. ಅವನ ಗ್ರಂಥ ಉಳಿದಿಲ್ಲ. 4ನೆಯ ಶತಮಾನದ ಒರಿಬಾಸಿಯಸನ ಸಂಗ್ರಹದ ಮೂಲಕ ಅವನ ಅಭಿಪ್ರಾಯಗಳು ತಿಳಿದುಬರುತ್ತವೆ. ಧಮನಿಯು ತಾನಾಗಿ ಹಿಗ್ಗುವುದರಿಂದ ಆಗುವುದು ಒಂದು, ಗಾಯದಿಂದ ರಕ್ತವು ಹೊರಬಿದ್ದು ಆಗುವುದು ಇನ್ನೊಂದು ಎಂದು ಅವನು ಹೇಳಿದನು. ಉಬ್ಬಿನ ಮೇಲೂ ಕೆಳಗೂ ಧಮನಿಯನ್ನು ದಾರದಿಂದ ಕಟ್ಟಿ, ನಡುವಣ ಸಂಚಿಯನ್ನು ಸೀಳಿ, ಒಳಗಿನ ಹೆಪ್ಪನ್ನು ತೆಗೆಯುವುದು ಅವನ ಚಿಕಿತ್ಸಾಕ್ರಮ. ಕಂಕುಳು, ತೊಡೆಸಂದು, ಕುತ್ತಿಗೆಗಳ ಉಬ್ಬುಗಳನ್ನು ಮುಟ್ಟಬಾರದೆಂದೂ, ಕೈಕಾಲು ಮತ್ತು ತಲೆಯವಕ್ಕೆ ಶಸ್ತ್ರಕ್ರಿಯೆ ಮಾಡಬಹುದೆಂದೂ ಅವನ ಮತ. ಕಟ್ಟುವ ಧಮನಿ ಎಷ್ಟು ದೊಡ್ಡದು ಎಂಬುದರ ಮೇಲೆ ಅಪಾಯವನ್ನು ಅಳೆಯುವ ಈ ವಿವೇಕ ಇಂದಿಗೂ ಮಾನ್ಯವಾದುದು.

ನಮ್ಮ ದೇಶದ ಸುಶ್ರುತಸಂಹಿತೆಯ ಸಾಕ್ಷ್ಯವನ್ನು ನೋಡೋಣ. ದೇಹದಲ್ಲಿ 107 ಮರ್ಮಗಳನ್ನು ಎಣಿಸಿದ ಸುಶ್ರುತನು ಕಣತಲೆಯ ಶಂಖಮರ್ಮವನ್ನು ಸದ್ಯಃಪ್ರಾಣಹರ ವರ್ಗಕ್ಕೆ ಸೇರಿಸಿದನು. ಅದರ ಮೇಲೆ ಕೂದಲಿನ ಅಂಚಿನಲ್ಲಿರುವ ಉತ್ಕ್ಷೇಪಮರ್ಮವನ್ನು ವಿಶಲ್ಯಘ್ನವೆಂದನು. ಎಂದರೆ ಅಲ್ಲಿ ನೆಟ್ಟ ಶಲ್ಯವನ್ನು ಕಿತ್ತರೆ ಪ್ರಾಣಾಪಾಯ, ಬಿಟ್ಟರೆ ಬದುಕಿಯಾನು. ದೇಹದ 700 ಸಿರೆಗಳಲ್ಲಿ 98ನ್ನು ಚುಚ್ಚಲೇಬಾರದು ಎಂದು ವಿಧಿಸಿದನು. ಸಿರಾವ್ಯಧದಲ್ಲಿ, ಎಂದರೆ ರಕ್ತ ತೆಗೆಯುವ ಕ್ರಿಯೆಯಲ್ಲಿ, ಆಗಬಹುದಾದ ತಪ್ಪುಗಳನ್ನು 20 ಬಗೆಯಾಗಿ ವಿಂಗಡಿಸಿದನು. ನಿದಾನಸ್ಥಾನದಲ್ಲಿ ಸಿರಾಜಗ್ರಂಥಿ ಎಂಬ ಗಂಟಿನ ವರ್ಣನೆಯೂ ಇದೆ.

ಈ ಸಿರಾಜಗ್ರಂಥಿಯೇ ಇಂದಿನ ಧಮನಿಯುಬ್ಬು ಎಂದು ಹೇಳುವ ಉತ್ಸಾಹ ಕೆಲವರಲ್ಲಿ ಕಂಡುಬರುತ್ತದೆ. ಈ ಸಮೀಕರಣವನ್ನು ಎಚ್ಚರಿಕೆಯಿಂದ ನೋಡಬೇಕು. ಸುಶ್ರುತನು ಆ ಗಂಟಿಗೆ ಹೇಳುವ ಕಾರಣ ಏಟಲ್ಲ. ದುರ್ಬಲನಾದವನು ಮಿತಿಮೀರಿ ಆಯಾಸಪಡುವುದರಿಂದ ವಾಯುವು ಸಿರೆಗಳನ್ನು ಕುಗ್ಗಿಸಿ ಗಂಟುಮಾಡುತ್ತದೆಂದು ಅವನ ವಿವರಣೆ. ಕಾರಣ ಬೇರೆಯಾದಾಗ ಹೆಸರುಗಳನ್ನು ಒಂದಕ್ಕೊಂದು ಅಂಟಿಸುವುದು ಚರಿತ್ರೆಯಾಗದು. ಆದರೆ ಮರ್ಮಸ್ಥಾನದ ದೊಡ್ಡ, ಅಚಲವಾದ ಸಿರಾಜಗ್ರಂಥಿ ಅಸಾಧ್ಯವೆಂದು ಅವನು ಹೇಳುವಲ್ಲಿ ಒಂದು ಅನುಭವವಿದೆ: ಕೆಲವು ಗಂಟುಗಳಿಗೆ ಶಸ್ತ್ರ ತಗಲಿಸುವ ಮೊದಲು ಅವು ಎಲ್ಲಿ ಇವೆ, ಯಾವುದಕ್ಕೆ ಸೇರಿವೆ ಎಂಬುದನ್ನು ಅರಿಯಬೇಕು. ಪರಂಪರೆಗೆ ಸಲ್ಲಬೇಕಾದ ಗೌರವ ಇದು. ಇದಕ್ಕಿಂತ ಹೆಚ್ಚಿನದನ್ನು ಹೊರಿಸಿದರೆ ಅದಕ್ಕೆ ಅಗೌರವವೇ ಆದೀತು.

4. ಅರಬ್ಬೀ ವೈದ್ಯವೂ ಬೀದರದ ಶಫಾಖಾನೆಯೂ

ಗ್ರೀಕರ ಅರಿವು ಅರಬ್ಬೀ ಭಾಷೆಗೆ ಇಳಿದು ಬೆಳೆಯಿತು. ಧಮನಿಯುಬ್ಬಿಗೆ ಅರಬ್ಬೀ ವೈದ್ಯರು ಕೊಟ್ಟ ಹೆಸರು 'ಉಮ್ಮುದ್ದಮ್', ರಕ್ತದ ತಾಯಿ. ಸ್ಪೇನಿನ ಅಲ್ ಜಹ್ರಾವಿಯು ಸುಮಾರು ಕ್ರಿ.ಶ. 1000ದ ಹೊತ್ತಿಗೆ ರಚಿಸಿದ 'ಕಿತಾಬ್ ಅಲ್ ತಸ್ರೀಫ್' ಎಂಬ 30 ಭಾಗಗಳ ಗ್ರಂಥದ ಕೊನೆಯ ಭಾಗ ಶಸ್ತ್ರವೈದ್ಯಕ್ಕೆ ಮೀಸಲು. ಅದರಲ್ಲಿ ಧಮನಿಯುಬ್ಬಿನ ಚಿಕಿತ್ಸೆಯೂ, 'ಶಕೀಕಾ' ಎಂಬ ಅರೆತಲೆನೋವಿಗೆ ಕಣತಲೆಯ ಧಮನಿಯನ್ನು ಕತ್ತರಿಸಿ ಕಟ್ಟುವ ಅಥವಾ ಸುಡುವ ಕ್ರಮವೂ ಬಂದಿವೆ. ಕಣ್ಣಿನ ರೋಗ, ತಲೆನೋವುಗಳಿಗೆ ಕಣತಲೆಯ ಧಮನಿಯಿಂದ ರಕ್ತ ಬಿಡುವ ಪದ್ಧತಿ ಗ್ಯಾಲೆನನ ಕಾಲದಿಂದಲೂ ಇದ್ದಿತು. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಸಿರೆಯಲ್ಲಿ ರಕ್ತದ ಒತ್ತಡ ಕಡಿಮೆ, ಗಾಯ ಮುಚ್ಚುವುದು ಸುಲಭ. ಧಮನಿಯಲ್ಲಿ ಒತ್ತಡ ಹೆಚ್ಚು. ಅರ್ಧ ಕತ್ತರಿಸಿದ ಧಮನಿಯು ಕುಗ್ಗಿ ಮುಚ್ಚಿಕೊಳ್ಳಲಾರದೆ ಹುಸಿಯುಬ್ಬಿಗೆ ದಾರಿಮಾಡುತ್ತದೆ. ಹೀಗೆ ಶತಮಾನಗಳ ಕಾಲ ಚಿಕಿತ್ಸೆಯೇ ವ್ಯಾಧಿಯ ಒಂದು ಕಾರಣವಾಗಿದ್ದಿತು.

ಈ ಎರಡು ಪರಂಪರೆಗಳು ಒಂದೇ ಸೂರಿನಡಿಯಲ್ಲಿ ಕೂಡಿದ ಸ್ಥಳಗಳಲ್ಲಿ ಬೀದರವೂ ಒಂದು. ಅಹಮದ್ ಷಹಾ ವಲಿಯು ಸುಮಾರು 1430ರ ಹೊತ್ತಿಗೆ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಅವನ ಮಗನಾದ ಎರಡನೆಯ ಅಲಾವುದ್ದೀನ್ ಅಹಮದನು (ಆಳ್ವಿಕೆ 1436–1458) ಬೀದರದಲ್ಲಿ ಒಂದು ಶಫಾಖಾನೆಯನ್ನು ಕಟ್ಟಿಸಿ, ರೋಗಿಗಳ ಅನ್ನ ಔಷಧಗಳಿಗಾಗಿ ಕೆಲವು ಗ್ರಾಮಗಳ ಉತ್ಪನ್ನವನ್ನು ಬಿಟ್ಟುಕೊಟ್ಟು, ಹಿಂದೂ ಮತ್ತು ಮುಸಲ್ಮಾನ ವೈದ್ಯರನ್ನು ನೇಮಿಸಿದನೆಂದು ಫಿರಿಸ್ತಾ ಬರೆದಿದ್ದಾನೆ. ಫಿರಿಸ್ತನು ಬರೆದದ್ದು 17ನೆಯ ಶತಮಾನದ ಆದಿಯಲ್ಲಿ, ಬಿಜಾಪುರದ ಆಸ್ಥಾನದಲ್ಲಿ. ಘಟನೆಗೂ ಬರವಣಿಗೆಗೂ ನಡುವೆ ಸುಮಾರು ಒಂದೂವರೆ ಶತಮಾನದ ಅಂತರವುಂಟು. ಆದರೂ ವೈದ್ಯವಿಷಯದಲ್ಲಿ ಅವನ ಮಾತಿಗೆ ಹೆಚ್ಚಿನ ಬೆಲೆಯುಂಟು. ಅವನು ಕೇವಲ ಬಖೈರುಗಾರನಲ್ಲ. ಭಾರತೀಯ ವೈದ್ಯವನ್ನು ಪಾರಸಿಯಲ್ಲಿ ವಿವರಿಸುವ 'ದಸ್ತೂರ್ ಉಲ್ ಅತಿಬ್ಬಾ' ಎಂಬ ಗ್ರಂಥದ ಕರ್ತನೂ ಹೌದು.

ಈ ಸೀಮೆಯ ವೈದ್ಯಪ್ರಜ್ಞೆ ಬಹಮನಿಗಳಿಂದ ಮಾತ್ರ ಆರಂಭವಾದುದಲ್ಲ. 12ನೆಯ ಶತಮಾನದ ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ಅವನು ತನ್ನ ಕಾಯಕದ ಪರಿಭಾಷೆಯನ್ನೇ ಅನುಭಾವಕ್ಕೆ ಬಳಸಿಕೊಂಡನು. ಇಂದಿಗೂ ಭಾಲ್ಕಿ, ಔರಾದಗಳ ಕಡೆ ನಾಡಿ ಎಂಬ ದೇಶೀಯ ಮಾತೂ ಹಕೀಮ, ದವಾಖಾನೆ ಎಂಬ ಪಾರಸಿ ಅರಬ್ಬೀ ಮಾತುಗಳೂ ಒಂದೇ ವಾಕ್ಯದಲ್ಲಿ ಕೇಳಿಬರುತ್ತವೆ. ಶಫಾಖಾನೆಯ ಕಟ್ಟಡಕ್ಕಿಂತ ಈ ಮಾತುಗಳೇ ಹೆಚ್ಚು ಬಾಳಿದ ಸ್ಮಾರಕಗಳು.

5. ಯುರೋಪಿನಲ್ಲಿ: 'ಮೊದಲ ವರದಿ'ಯ ಪ್ರಶ್ನೆ

ಕಣತಲೆಯ ಧಮನಿಯ ಉಬ್ಬನ್ನು ಮೊದಲು ವರ್ಣಿಸಿದವನು ಥಾಮಸ್ ಬಾರ್ಥೊಲಿನ್, ವರ್ಷ 1740 ಎಂದು ಆಧುನಿಕ ವೈದ್ಯಲೇಖನಗಳು ಒಂದರ ಹಿಂದೆ ಒಂದು ಹೇಳುತ್ತ ಬಂದಿವೆ. ಚರಿತ್ರೆಯ ವಿದ್ಯಾರ್ಥಿಯು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಡೆನ್ಮಾರ್ಕಿನ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞನಾದ ಥಾಮಸ್ ಬಾರ್ಥೊಲಿನನು ಹುಟ್ಟಿದ್ದು 1616ರಲ್ಲಿ, ತೀರಿಕೊಂಡದ್ದು 1680ರಲ್ಲಿ. ಸತ್ತ 60 ವರ್ಷಗಳ ಮೇಲೆ ಅವನು ವರದಿ ಮಾಡಿರಲಾರನು. ವರ್ಷವಾದರೂ ತಪ್ಪಾಗಿರಬೇಕು, ವ್ಯಕ್ತಿಯಾದರೂ ಬೇರೆಯಾಗಿರಬೇಕು, ಇಲ್ಲವೆ ಅದು ಮರುಮುದ್ರಣದ ವರ್ಷವಾಗಿರಬೇಕು. ಮೂಲವನ್ನು ನೋಡದೆ ಹಿಂದಿನವರ ಉಲ್ಲೇಖವನ್ನೇ ಎತ್ತಿ ಬರೆಯುವುದರಿಂದ ತಪ್ಪೊಂದು ಹೇಗೆ ಪ್ರಮಾಣವಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಶಾಸನಗಳ ಕಾಲನಿರ್ಣಯದಲ್ಲಿ ನಾವು ಅನುಸರಿಸುವ ಎಚ್ಚರವು ವೈದ್ಯಚರಿತ್ರೆಗೂ ಅಷ್ಟೇ ಅಗತ್ಯ.

18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಂಟರ್ ಸೋದರರು ಈ ಕ್ಷೇತ್ರದಲ್ಲಿ ಹೆಸರುಗಳಿಸಿದರು. ಅಣ್ಣನಾದ ವಿಲಿಯಂ ಹಂಟರನು, ರಕ್ತ ತೆಗೆಯುವವನ ಚೂರಿ ಸಿರೆಯನ್ನು ದಾಟಿ ಧಮನಿಗೆ ತಗಲಿದಾಗ ಎರಡಕ್ಕೂ ಸಂಪರ್ಕವಾಗಿ ಆಗುವ ಉಬ್ಬನ್ನು ವರ್ಣಿಸಿದನು. ತಮ್ಮನಾದ ಜಾನ್ ಹಂಟರನು 1785ರಲ್ಲಿ ಮೊಣಕಾಲಿನ ಹಿಂಭಾಗದ ಉಬ್ಬಿಗೆ, ಸಂಚಿಯನ್ನು ಮುಟ್ಟದೆ, ತೊಡೆಯಲ್ಲಿ ಹೃದಯದ ಕಡೆಗಿನ ಧಮನಿಯನ್ನು ಮಾತ್ರ ಕಟ್ಟಿ ಯಶಸ್ವಿಯಾದನು. ಕಾಲಿಗೆ ಇದು ದೊಡ್ಡ ಮುನ್ನಡೆ. ತಲೆಗೆ ಇದು ಸಾಲದು. ತಲೆಚರ್ಮದ ಧಮನಿಗಳು ಒಂದರೊಡನೊಂದು, ಎಡವು ಬಲದೊಡನೆ, ಬಲೆಯಂತೆ ಹೆಣೆದುಕೊಂಡಿವೆ. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆಯಿಂದ ರಕ್ತ ಹಿಮ್ಮುಖವಾಗಿ ಬಂದು ಸಂಚಿಯನ್ನು ಮತ್ತೆ ತುಂಬುತ್ತದೆ. ಹೀಗಾಗಿ ಕಣತಲೆಯ ಮಟ್ಟಿಗೆ ಹೊಸ ಹಂಟರನಿಗಿಂತ ಹಳೆಯ ಆಂಟಿಲಸನ ಎರಡು ಕಟ್ಟುಗಳೇ ಸರಿಯಾಗಿ ಉಳಿದವು. ಜ್ಞಾನದ ಚರಿತ್ರೆ ನೇರವಾದ ಏಣಿಯಲ್ಲವೆಂಬುದನ್ನು ಇಲ್ಲಿ ಕಾಣಬಹುದು.

19ನೆಯ ಶತಮಾನದಲ್ಲಿ ರಕ್ತ ತೆಗೆಯುವ ಪದ್ಧತಿ ಹಿಂದೆ ಸರಿದಂತೆ ವ್ಯಾಧಿಯ ಕಾರಣಗಳೂ ಬದಲಾದವು. ವೈದ್ಯನ ಚೂರಿಯ ಸ್ಥಾನವನ್ನು ಕತ್ತಿಕಾಳಗ, ಬೀಳುವಿಕೆ, ಆಟದ ಚೆಂಡು, ವಾಹನಗಳು ಆಕ್ರಮಿಸಿದವು.

6. ನಿಜಾಮನ ರಾಜ್ಯ, ಅನಂತರ

ಬೀದರ ಜಿಲ್ಲೆಯು 1948ರ ವರೆಗೆ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿದ್ದಿತು. ಆ ರಾಜಧಾನಿಯಲ್ಲಿಯೇ ಶಸ್ತ್ರವೈದ್ಯದ ಒಂದು ಜಾಗತಿಕ ಚರ್ಚೆ ನಡೆಯಿತು. ರೋಗಿಯನ್ನು ಮೈಮರೆಸಲು ಬಳಸುತ್ತಿದ್ದ ಕ್ಲೋರೋಫಾರ್ಮು ಸಾವನ್ನು ತರುವುದು ಹೃದಯದ ಮೂಲಕವೋ ಉಸಿರಾಟದ ಮೂಲಕವೋ ಎಂಬುದನ್ನು ನಿರ್ಣಯಿಸಲು ಎಡ್ವರ್ಡ್ ಲಾರಿಯ ಪ್ರೇರಣೆಯಿಂದ, ನಿಜಾಮ ಸರಕಾರದ ವೆಚ್ಚದಲ್ಲಿ, 1888 ಮತ್ತು 1889ರಲ್ಲಿ ಎರಡು ಆಯೋಗಗಳು ಪ್ರಯೋಗಗಳನ್ನು ನಡೆಸಿದವು. ಉಸಿರನ್ನು ಗಮನಿಸುತ್ತಿದ್ದರೆ ಭಯವಿಲ್ಲವೆಂಬ ಅವುಗಳ ತೀರ್ಮಾನ ಮುಂದೆ ನಿಲ್ಲಲಿಲ್ಲ. ಹೃದಯಕ್ಕೂ ನೇರವಾದ ಅಪಾಯವಿದೆಯೆಂದು 20ನೆಯ ಶತಮಾನದ ಆದಿಯಲ್ಲಿ ಸಿದ್ಧವಾಯಿತು. ಆದರೂ ಶಸ್ತ್ರಕ್ರಿಯೆಯ ಸುರಕ್ಷತೆಯನ್ನು ಪ್ರಯೋಗದಿಂದ ಪರೀಕ್ಷಿಸುವ ಮನೋಧರ್ಮ ದಖ್ಖನಿನಲ್ಲಿ ಬೇರೂರಿದ್ದುದಕ್ಕೆ ಅವು ಸಾಕ್ಷಿ.

1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯವನ್ನು ಸೇರಿತು. 2007ರಲ್ಲಿ ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸ್ಥಾಪಿತವಾಯಿತು. ಅಲಾವುದ್ದೀನನ ಶಫಾಖಾನೆಗೂ ಇದಕ್ಕೂ ನಡುವೆ ಐದೂವರೆ ಶತಮಾನ. ಭಾಲ್ಕಿಯಿಂದಾಗಲಿ ಔರಾದದಿಂದಾಗಲಿ ಬೀದರಕ್ಕೆ ಸುಮಾರು 40 ಕಿಲೋಮೀಟರು. ಈ ದೂರ ಇಂದು ಒಂದು ಗಂಟೆಯ ಪ್ರಯಾಣ. ಆದರೆ ಗಂಟು ಮಿಡಿಯುತ್ತಿದೆಯೆಂದು ತಿಳಿಯದವನಿಗೆ ಆ ದೂರ ಕ್ರಮಿಸುವ ಅಗತ್ಯವೇ ತೋರುವುದಿಲ್ಲ.

7. ಇಂದಿನ ಕಾರಣಗಳೂ ಚಿಕಿತ್ಸೆಯೂ

ಇಂದು ಹುಸಿಯುಬ್ಬಿಗೆ ಮುಖ್ಯ ಕಾರಣ ಚರ್ಮ ಹರಿಯದ ಮೊಂಡು ಏಟು. ಬೈಕಿನಿಂದ ಬೀಳುವುದು, ಕ್ರಿಕೆಟ್ ಚೆಂಡು, ಬಡಿಗೆಯ ಪೆಟ್ಟು, ಬಾಗಿಲಿಗೆ ಹಣೆ ಬಡಿಯುವುದು, ಇವೆಲ್ಲ ಈ ವರ್ಗದವು. ಗಾಜು, ಕುಡುಗೋಲು ಮುಂತಾದವುಗಳ ಸೀಳುಗಾಯ ಎರಡನೆಯ ಕಾರಣ. ಹಿಂದಿನ ರಕ್ತಮೋಕ್ಷಣದಂತೆ ಇಂದಿಗೂ ವೈದ್ಯಕ್ರಿಯೆಯಿಂದಲೇ ಆಗುವವು ಕೆಲವುಂಟು: ತಲೆಬುರುಡೆಯ ಶಸ್ತ್ರಕ್ರಿಯೆ, ಕೂದಲು ನಾಟಿ, ಗಂಟು ತೆಗೆಯುವಿಕೆ ಮುಂತಾದವುಗಳ ಬಳಿಕ ಇವು ಅಪೂರ್ವವಾಗಿ ಕಾಣಿಸಿಕೊಳ್ಳುತ್ತವೆ.

ಕೊಬ್ಬಿನ ಗಡ್ಡೆ, ಕೀವುಕುರು, ಹೆಪ್ಪುಗಟ್ಟಿದ ನೆತ್ತರು, ಇವುಗಳಿಂದ ಹುಸಿಯುಬ್ಬನ್ನು ಬೇರ್ಪಡಿಸುವ ಮೊದಲ ಸಾಧನ ಬೆರಳೇ. ಗಂಟು ನಾಡಿಯೊಡನೆ ಮಿಡಿಯುತ್ತದೆಯೆ? ಕಿವಿಯ ಮುಂದೆ ಧಮನಿಯನ್ನು ಒತ್ತಿದಾಗ ಮಿಡಿತ ಕುಂದಿ ಗಂಟು ಸಡಿಲವಾಗುತ್ತದೆಯೆ? ಕೆಲವು ವಾರಗಳ ಹಿಂದೆ ಅಲ್ಲಿಗೆ ಏಟು ಬಿದ್ದಿತ್ತೆ? ಹೌದೆಂದರೆ ಅದನ್ನು ಚುಚ್ಚಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಮಿಡಿತ ಸ್ಪಷ್ಟವಾಗದಿರಲೂಬಹುದು. ಆದ್ದರಿಂದ ಏಟಿನ ಬಳಿಕ ಎದ್ದ ಕಣತಲೆಯ ಯಾವ ಗಂಟನ್ನೂ ಪರೀಕ್ಷೆಯಿಲ್ಲದೆ ಸೀಳಬಾರದೆಂಬುದೇ ಸುರಕ್ಷಿತ ನಿಯಮ. ರಕ್ತದ ಚಲನೆಯನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಬಹುಮಟ್ಟಿಗೆ ನಿರ್ಣಯಕ್ಕೆ ಸಾಕಾಗುತ್ತದೆ, ಸಂದೇಹವಿದ್ದಲ್ಲಿ ಸಿ.ಟಿ. ಆಂಜಿಯೋಗ್ರಾಮ್ ಮಾಡುತ್ತಾರೆ. ತಲೆಗೆ ಪೆಟ್ಟಾದುದರಿಂದ ಒಳಗಿನ ಗಾಯವಿದೆಯೇ ಎಂಬುದನ್ನೂ ಇದರೊಡನೆ ನೋಡಬಹುದು.

ಚಿಕಿತ್ಸೆಯಲ್ಲಿ ಅಗ್ರಸ್ಥಾನ ಶಸ್ತ್ರಕ್ರಿಯೆಗೇ ಉಳಿದಿದೆ: ಧಮನಿಯನ್ನು ಎರಡು ಕಡೆ ಕಟ್ಟಿ ಸಂಚಿಯನ್ನು ಪೂರ್ತಿಯಾಗಿ ತೆಗೆಯುವುದು. ಎಷ್ಟೋ ವೇಳೆ ಆ ಸ್ಥಳವನ್ನು ಮಾತ್ರ ಜೋಮುಗೊಳಿಸಿ ಇದನ್ನು ಮಾಡಬಹುದು. ಧಮನಿಗಳ ಬಲೆ ಸಮೃದ್ಧವಾಗಿರುವುದರಿಂದ ಒಂದು ಕವಲನ್ನು ಕಟ್ಟಿದ ಮಾತ್ರಕ್ಕೆ ಚರ್ಮಕ್ಕೆ ರಕ್ತದ ಕೊರತೆಯಾಗದು. ಹುಬ್ಬನ್ನು ಮೇಲೆತ್ತುವ ನರದ ಕವಲು ಸಮೀಪದಲ್ಲಿಯೇ ಹಾಯುವುದರಿಂದ ಅದನ್ನು ಕಾಪಾಡುವುದೇ ಶಸ್ತ್ರವೈದ್ಯನ ಮುಖ್ಯ ಎಚ್ಚರ. ಸೂಜಿಯ ಮೂಲಕ ಸಂಚಿಗೆ ಥ್ರಾಂಬಿನ್ ಚುಚ್ಚಿ ರಕ್ತವನ್ನು ಹೆಪ್ಪುಗಟ್ಟಿಸುವ ಕ್ರಮವು ಹುಸಿಯುಬ್ಬುಗಳಿಗೆ 1986ರಿಂದ ಬಳಕೆಗೆ ಬಂದಿತು. ಧಮನಿಯೊಳಗಿನಿಂದ ಸಣ್ಣ ಸುರುಳಿಗಳನ್ನು ಇಟ್ಟು ಮುಚ್ಚುವ ಕ್ರಮವೂ ಉಂಟು. ತೀರ ಸಣ್ಣ ಉಬ್ಬುಗಳನ್ನು ವೈದ್ಯರು ಕೆಲವೊಮ್ಮೆ ಒತ್ತಿ ಹಿಡಿದು ಗುಣಪಡಿಸಲು ಯತ್ನಿಸುವುದುಂಟು.

8. ಉಪಸಂಹಾರ

ಈ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಗಾಯದಿಂದಾಗುವ ಉಬ್ಬನ್ನು ಬೇರೆಯೆಂದು ಗುರುತಿಸಿದ ಅರಿವೂ, ಎರಡು ಕಡೆ ಕಟ್ಟುವ ಕ್ರಮವೂ ಸುಮಾರು 1,800 ವರ್ಷಗಳಷ್ಟು ಹಳೆಯವು. ವ್ಯಾಧಿಯ ಕಾರಣಗಳು ಕಾಲದಿಂದ ಕಾಲಕ್ಕೆ, ವೈದ್ಯನ ಚೂರಿಯಿಂದ ಟ್ರಾಲಿಯ ಬಾಗಿಲಿನವರೆಗೆ, ಸಮಾಜದ ಜೀವನಕ್ರಮವನ್ನು ಅನುಸರಿಸಿ ಬದಲಾಗಿವೆ. ಮೂರನೆಯದಾಗಿ, ಅರಿವು ಗ್ರಂಥದಲ್ಲಿದ್ದ ಮಾತ್ರಕ್ಕೆ ಊರಿನಲ್ಲಿರುವುದಿಲ್ಲ. ಬೀದರದ ಸುಲ್ತಾನನು ಎರಡು ಪರಂಪರೆಗಳ ವೈದ್ಯರನ್ನು ಒಂದೆಡೆ ಕೂಡಿಸಿ, ಗ್ರಾಮಗಳ ಉತ್ಪನ್ನವನ್ನು ಆಸ್ಪತ್ರೆಗೆ ಬಿಟ್ಟನು. ಗ್ರಾಮದ ಹಣ ನಗರದ ವೈದ್ಯಕ್ಕೆ ಬಂದಂತೆ ನಗರದ ಅರಿವು ಗ್ರಾಮಕ್ಕೆ ಹೋಗುವುದು ಇನ್ನೂ ಬಾಕಿಯಿರುವ ಕೆಲಸ.

ಈ ಕೆಲಸದಲ್ಲಿ ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಪಾಲುಂಟು. ನಮ್ಮ ತರಗತಿಗಳಿಗೆ ಬರುವವರಲ್ಲಿ ಅನೇಕರು ಭಾಲ್ಕಿ, ಔರಾದಗಳ ಹಳ್ಳಿಗಳಿಂದ ಬಂದವರು. ಸಂಜೆಗೆ ಅಲ್ಲಿಗೇ ಮರಳುವವರು. ಗಂಟಿನ ಮೇಲೆ ಮೊದಲು ಬ್ಲೇಡನ್ನಲ್ಲ, ಬೆರಳನ್ನಿಡಬೇಕೆಂಬ ಒಂದು ಮಾತನ್ನು ಅವರು ಮನೆಗೆ ಒಯ್ದರೂ ಸಾಕು. ಓದು ಬಾರದ ನನ್ನ ಅತ್ತೆಯವರು ಆಂಟಿಲಸನ ಹೆಸರನ್ನಾಗಲಿ ಸುಶ್ರುತನ ಹೆಸರನ್ನಾಗಲಿ ಕೇಳಿದವರಲ್ಲ. ಬೆರಳಿಗೆ ತಿಳಿದುದನ್ನು ಅವರು ಅಲಕ್ಷಿಸಲಿಲ್ಲ. ಅದರಿಂದ ಒಂದು ಜೀವ ಉಳಿಯಿತು.